ಅರವತ್ತು ರೊಟ್ಟಿ, ಒಂದು ಸೊನ್ನಿ

ಒಂಬೈನೂರ ಅರವತ್ತು ರೊಟ್ಟಿ ಎಲ್ಲಿ ಹೋದವು ಅನ್ನುವುದೇ ವಿದ್ಯಾವತಿಗೆ ತಿಳಿಯಲೊಲ್ಲದು. ಶನಿವಾರದ ಮುಂಜಾನೆ ಸಾಲಿ ಹನ್ನೊಂದೂವರೆಗೆ ಬಿಟ್ಟು, ಹುಡುಗರೆಲ್ಲ ಇಂಡಿ ಊರಿನ ಬಿಸಿಲಿಗೆ ಚದುರಿಹೋಗಿದ್ದರು. ಹೈಸ್ಕೂಲಿನ ಕಂಪ್ಯೂಟರ್ ಕೋಣೆಯಲ್ಲಿ ಈಗ ಉಳಿದದ್ದು ಆಕೆ, ತಲೆ ಅಲ್ಲಾಡಿಸುವ ಒಂದು ಫ್ಯಾನು, ಪರದೆಯ ಮೇಲೆ ನೂರಾ ನಲವತ್ತು ಮನೆಗಳ ಹೆಸರು. ಓಣಿಯ ಮಠದಲ್ಲಿ ಒಂದು ತಿಂಗಳಿಂದ ನಡೆದ ಪುರಾಣಕ್ಕೆ ಬರುವ ಸೋಮವಾರವಲ್ಲ ಅದರ ಮುಂದಿನ ಸೋಮವಾರ ಮಂಗಲ. ಅವತ್ತು ಐದು ಸಾವಿರದ ನಾಲ್ಕುನೂರಾ ಅರವತ್ತೈದು ಮಂದಿಯ ಊಟ. ಈ ಅಂಕಿ ಯಾರೋ ಗಾಳಿಯಲ್ಲಿ ತೇಲಿಬಿಟ್ಟದ್ದಲ್ಲ, ಹೋದ ವರ್ಷ ಉಂಡು ಎತ್ತಿದ ಎಲೆ ಎಣಿಸಿ ಇಟ್ಟದ್ದು. ತಲೆಗೆ ಎರಡು ಕಡಕ್ ರೊಟ್ಟಿ. ಅಷ್ಟೂ ರೊಟ್ಟಿ ಮನೆಮನೆಯಿಂದ ಬರಬೇಕು, ಯಾವ ಮನೆಗೆ ಎಷ್ಟು ಅನ್ನುವ ಚೀಟಿ ಇವತ್ತು ನಾಲ್ಕು ಗಂಟೆಯೊಳಗೆ ಓಣಿಗಳಿಗೆ ಮುಟ್ಟಬೇಕು. ಆ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿದವರು ಸಾಲಿಯ ಹೆಡ್‌ಕ್ಲಾರ್ಕ್ ಶ್ರೀಶೈಲಪ್ಪ. ಐವತ್ತಾರನೇ ವಯಸ್ಸಿಗೆ ತಾವೇ ಒದ್ದಾಡಿ ಕಲಿತು, ಮೂರು ವರ್ಷ ನಡೆಸಿ, ಈ ವರ್ಷ ರಿಟೈರಾಗಿ, ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಸಿಂದಗಿಯಲ್ಲಿ ಮಗಳ ಮನೆಯಲ್ಲಿ ಕೂತುಬಿಟ್ಟರು. ಹೋಗುವಾಗ ಒಂದು ಫ್ಲಾಪಿ ಕೊಟ್ಟು, "ಎಲ್ಲಾ ಇದರಾಗ ಐತ್ರಿ ಅಕ್ಕಾರ, ಬರೇ ಪ್ರಿಂಟ್ ಒತ್ತೂದಷ್ಟ" ಅಂದಿದ್ದರು. ಒತ್ತಿದ್ದರೆ ಮುಗಿಯುತ್ತಿತ್ತು. ಆದರೆ ವಿಜ್ಞಾನ ಕಲಿಸುವ ಹೆಂಗಸು, ಒತ್ತುವ ಮೊದಲು ಒಮ್ಮೆ ಕೂಡಿಸಿ ನೋಡೋಣ ಅಂತ ಕ್ಯಾಲ್ಕುಲೇಟರ್ ಹಿಡಿದಳು. ಮನೆಗಳಿಗೆ ಕೇಳುವ ರೊಟ್ಟಿ ಕೂಡಿಸಿದರೆ ಹನ್ನೆರಡು ಸಾವಿರದ ಎಂಟುನೂರಾ ನಲವತ್ತು. ಕೆಳಗೆ 'ಬರುವ ರೊಟ್ಟಿ' ಅಂತ ಶ್ರೀಶೈಲಪ್ಪ ಬರೆದ ಚೌಕದಲ್ಲಿ ಹನ್ನೊಂದು ಸಾವಿರದ ಎಂಟುನೂರಾ ಎಂಬತ್ತು. ಮೂರು ಸಲ ಕೂಡಿಸಿದಳು. ಮೂರು ಸಲವೂ ಅಷ್ಟೇ ಬಂತು.

ಬೇರೆಯವರ ಫಾರ್ಮುಲಾ ಓದುವುದೆಂದರೆ ಬೇರೆಯವರ ಅಡಿಗಿಮನೆಯಲ್ಲಿ ಜೀರಿಗೆ ಹುಡುಕಿದ ಹಾಗೆ. ಡಬ್ಬಿಗಳೆಲ್ಲ ಒಂದೇ ನಮೂನಿ, ಮೇಲೆ ಹೆಸರಿಲ್ಲ, ಇಟ್ಟವರಿಗೆ ಮಾತ್ರ ಗೊತ್ತು. ಏಳು ವರ್ಷದ ಹಿಂದೆ ಮುದ್ದೇಬಿಹಾಳದಿಂದ ಸಂಜೀವಕುಮಾರನನ್ನು ಮದುವೆಯಾಗಿ ಈ ಊರಿಗೆ ಬಂದ ಮೊದಲ ವಾರ, ಅತ್ತೆ ಚನ್ನವ್ವನ ಅಡಿಗಿಮನೆಯಲ್ಲಿ ಆಕೆ ಹೀಗೇ ನಿಂತಿದ್ದಳು. ಆಗಷ್ಟೇ ಅತ್ತೆಯ ಬಲಗೈಯ ಮುಂಗೈ ಮುರಿದು ಕೂಡಿಸಿದ್ದರು, ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹೊಸ ಸೊಸೆಗೆ ಒಲೆ ಬಿಟ್ಟುಕೊಟ್ಟು ಬಾಗಿಲ ಬಳಿ ಕೂತಿದ್ದಳು, ಏನೂ ಹೇಳದೆ. ಅವತ್ತು ಸಕ್ಕರೆ ಅಂತ ತಿಳಿದು ಚಹಾಕ್ಕೆ ಸೋಡಾಪುಡಿ ಹಾಕಿದ್ದಳು ವಿದ್ಯಾವತಿ. ಚನ್ನವ್ವ ಬಟ್ಟಲು ಪೂರಾ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಛಲೋ ಆಗೈತ್ರಿ ಅಕ್ಕಾರ" ಅಂದಿದ್ದಳು. ಸಾಲಿ ಕಲಿಸುವ ಹೆಂಗಸರಿಗೆ ಊರೆಲ್ಲ ಅಕ್ಕಾರ ಅನ್ನುವುದು ಸರಿ, ಅತ್ತೆಯೂ ಅದನ್ನೇ ಹಿಡಿದುಕೊಂಡುಬಿಟ್ಟಳು. ಬರ್ರಿ, ಕುಂಡ್ರಿ, ಉಣ್ರಿ. ಬೀಗರ ಪೈಕಿ ಯಾರೋ ಬಂದು ಏಳು ವರ್ಷ ಎದ್ದುಹೋಗದೆ ಉಳಿದುಕೊಂಡ ಹಾಗೆ ನಡೆಯುತ್ತಿತ್ತು ಆ ಮನೆಯ ಉಪಚಾರ. ಗೆಳತಿಯರು ತಂತಮ್ಮ ಅತ್ತೆಯರ ಬಾಯಿಯ ಬಗ್ಗೆ ಹೇಳಿಕೊಂಡು ಅಳುವಾಗ ವಿದ್ಯಾವತಿ ಸುಮ್ಮನೆ ಕೇಳುವಳು, ಪುಣ್ಯ ಮಾಡಿದ್ದೆ ಅಂದುಕೊಳ್ಳುವಳು, ಅಂದುಕೊಂಡ ಮೇಲೂ ಎದೆಯ ಒಂದು ಮೂಲೆಯಲ್ಲಿ ಏನೋ ಖಾಲಿ ಖಾಲಿ.

ಇರಲಿ, ರೊಟ್ಟಿ ಮುಖ್ಯ. ಆಕೆ ಒಂದೊಂದೇ ಚೌಕದ ಮೇಲೆ ಬಾಣ ಒಯ್ದು ಒತ್ತಿದಳು. ಎ ಸಾಲಿನಲ್ಲಿ ನಂಬರು, ಬಿ ಹೆಸರು, ಸಿ ಓಣಿ. ಡಿ ಸಾಲಿಗೆ ಶ್ರೀಶೈಲಪ್ಪ 'ಕೈ' ಅಂತ ತಲೆಬರಹ ಕೊಟ್ಟಿದ್ದರು, ಅಂದರೆ ಆ ಮನೆಯಲ್ಲಿ ರೊಟ್ಟಿ ಬಡಿಯುವ ಹೆಂಗಸರು ಎಷ್ಟು. ಎಲ್ಲ ಕೂಡಿ ಇನ್ನೂರ ಹದಿನಾಲ್ಕು ಕೈ. ಇ ಸಾಲಿನಲ್ಲಿ ಕೇಳುವ ರೊಟ್ಟಿ, ಕೈಗೆ ಅರವತ್ತರಂತೆ. ಈ ಅರವತ್ತು ಎಲ್ಲಿಂದ ಬಂತು ಅಂತ ನೋಡಿದರೆ ಮೇಲಿನ ಪಟ್ಟಿಯಲ್ಲಿ ಕಂಸದೊಳಗೆ ಕಂಸ, ಕನ್ನಡದ ಅಕ್ಷರ ಬಂದಲ್ಲೆಲ್ಲ ಫಾಂಟು ಒಡೆದು ಇಂಗ್ಲಿಷಿನ ಚೂರುಪಾರು. ಬೇಕಾದ ರೊಟ್ಟಿಯನ್ನು ಯಾವುದರಿಂದಲೋ ಭಾಗಿಸಿ, ಮತ್ತೆ ಐದರಿಂದ ಭಾಗಿಸಿ, ಮತ್ತೆ ಐದರಿಂದಲೇ ಗುಣಿಸಿದ್ದರು. ಅಂಗಿ ಬಿಚ್ಚಿ ಅದೇ ಅಂಗಿ ತೊಟ್ಟಂಗಾತು, ಹುಚ್ಚ ಹಿಡಿದಿತ್ತೇನು ಈ ಮನಷಾಗ ಅಂತ ಬಾಯಿಬಿಟ್ಟೇ ಅಂದಳು. ಆಮೇಲೆ ಎರಡು ಐದರ ನಡುವೆ 'ರೌಂಡಪ್' ಅನ್ನುವುದು ಕುಂತಿರುವುದು ಕಾಣಿಸಿತು. ಹೌದಲ್ಲ, ಮಠದ ರೊಟ್ಟಿಕೋಣೆಯಲ್ಲಿ ರೊಟ್ಟಿ ಎಣಿಸುವುದೇ ಐದೈದು, ಎಡಗೈ ಮೇಲೆ ಐದು ಇಟ್ಟು ಒಂದು ಅನ್ನುತ್ತಾರೆ. ಐವತ್ತೈದು ಪಾಯಿಂಟ್ ಎರಡು ರೊಟ್ಟಿ ತಾ ಅಂತ ಯಾರಿಗೆ ಹೇಳಲಾದೀತು, ಮೇಲಿನ ಐದಕ್ಕೆ ಏರಿಸಿ ಅರವತ್ತು ಮಾಡಿದ್ದರು. ಹೆಡ್‌ಕ್ಲಾರ್ಕರ ಬಗ್ಗೆ ಒಮ್ಮೆಗೇ ಪ್ರೀತಿ ಬಂತು. ಸರ್ವಿಸಿನ ಉದ್ದಕ್ಕೂ ಆ ಮನುಷ್ಯ ಆಕೆಯ ಸಂಬಳದ ಬಿಲ್ಲು ತಡಮಾಡಿದ್ದನ್ನು ಆ ಗಳಿಗೆಗೆ ಮಾಫಿ ಮಾಡಿದಳು.

ಕೆಳಗಿನ ಮೊತ್ತದ ಮೇಲೆ ಒತ್ತಿದಾಗ ಮಾತ್ರ ಪರಿಚಯದ 'ಸಮ್' ಇರಲಿಲ್ಲ, ಅದಕ್ಕೊಂದು ಬಾಲ ಹತ್ತಿ 'ಸಮ್‌ಪ್ರಾಡಕ್ಟ್' ಆಗಿತ್ತು. ಟ್ರೇನಿಂಗಿನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ, ಅಥವಾ ಹೇಳಿದ ಹೊತ್ತಿಗೆ ಆಕೆ ಬಿಜಾಪುರದ ಬಸ್ಸಿನ ಚಿಂತೆಯಲ್ಲಿದ್ದಳು. ಖಾಲಿ ಹಾಳೆಯ ಮೇಲೆ ಸಣ್ಣದೊಂದು ಆಟ ಹೂಡಿದಳು. ಎರಡು, ಮೂರು, ನಾಕು ಅಂತ ಒಂದು ಸಾಲು. ಪಕ್ಕದಲ್ಲಿ ಒಂದು, ಒಂದು, ಸೊನ್ನೆ. ಫಾರ್ಮುಲಾ ಹಾಕಿದರೆ ಐದು ಬಂತು. ನಾಕು ಎಲ್ಲಿ ಹೋಯಿತು? ಪಕ್ಕದ ಸೊನ್ನೆ ನುಂಗಿತ್ತು. ಅಂದರೆ ಇದು ಬರೀ ಕೂಡಿಸುವುದಿಲ್ಲ, ಪಕ್ಕದವರನ್ನು ಕೇಳಿ ಕೂಡಿಸುತ್ತದೆ. ಹಾಗಾದರೆ ಶ್ರೀಶೈಲಪ್ಪನ ಹಾಳೆಯಲ್ಲಿ ಇ ಸಾಲು ಯಾರನ್ನು ಕೇಳುತ್ತಿದೆ? ಎಫ್ ಸಾಲನ್ನು. ಎಫ್ ಎಲ್ಲಿ? ಇ ಆದ ಮೇಲೆ ನೇರ ಜಿ ಇತ್ತು, ನಡುವೆ ಎಫ್ ಇರಲೇ ಇಲ್ಲ. ಬೆಳಗಿನಿಂದ ಕಣ್ಣ ಮುಂದೆ ಇದ್ದ ಆ ಗೈರುಹಾಜರಿ ಆಕೆಗೆ ಹೊಳೆದದ್ದು ಆಗ. ಎರಡೂ ಸಾಲನ್ನು ಹಿಡಿದು, ಮುಚ್ಚಿಟ್ಟದ್ದನ್ನು ಬಿಚ್ಚುವ ಗುಂಡಿ ಹುಡುಕಿ ಒತ್ತಿದಳು. ಸಣ್ಣ ಅಂಕಿಗಳ ಒಂದು ಉದ್ದ ಸಾಲು ಸರಿದು ಬಂದು ನಡುವೆ ನಿಂತಿತು.

ಬಹಳ ಮನೆಗಳ ಮುಂದೆ ಒಂದು. ಕೆಲವಕ್ಕೆ ಅರ್ಧ, ಕೆಲವಕ್ಕೆ ಮುಕ್ಕಾಲು. ಕುಂಬಾರ ಓಣಿಯ ರೇಣವ್ವನ ಮುಂದೆ ಒಂದೂಕಾಲು. ರೇಣವ್ವ ಅರವತ್ತು ಕೇಳಿದರೆ ಎಪ್ಪತ್ತೈದು ತಂದು ಸುರಿಯುವವಳು, ಅದು ಊರಿಗೇ ಗೊತ್ತು. ಮಠದಿಂದ ಎಷ್ಟು ದೂರ ಅನ್ನುವ ಲೆಕ್ಕ ಇರಬಹುದೇ ಅಂದುಕೊಂಡಳು. ಅಲ್ಲ, ಮಠದ ಗೋಡೆಗೆ ಗೋಡೆ ಹತ್ತಿದ ಮನೆಗೆ ಅರ್ಧ ಇತ್ತು. ಬಡತನದ ಲೆಕ್ಕವೇ? ಅದೂ ಅಲ್ಲ, ದೊಡ್ಡ ತೋಟದವರಿಗೆ ಸೊನ್ನೆ ಬಿದ್ದಿತ್ತು. ಒಟ್ಟು ಹನ್ನೊಂದು ಸೊನ್ನೆ. ತನ್ನ ಜೊತೆಗೇ ಹಿಂದಿ ಕಲಿಸುವ ವಿಜಯಲಕ್ಷ್ಮಿಯ ಮನೆಗೆ ಸೊನ್ನೆ. ಸ್ಟಾಫ್‌ರೂಮಿನಲ್ಲಿ ಡಬ್ಬಿ ತೆಗೆದು "ನಮ್ಮ ರೊಟ್ಟಿ ನೋಡ್ರಿ, ಹಪ್ಪಳಾಗ್ಯಾವ" ಅನ್ನುವವಳು. ವಿದ್ಯಾವತಿಗೆ ಒಳಗೊಳಗೇ ಕಚಗುಳಿ ಇಟ್ಟಂತಾಯಿತು, ನಗುವಿಗೆ ಕಾರಣ ಇನ್ನೂ ಗೊತ್ತಿರಲಿಲ್ಲ. ಅದೇ ನಗುವಿನಲ್ಲಿ ಕೆಳಗಿಳಿಯುತ್ತ ಅರವತ್ತೇಳನೇ ಸಾಲಿಗೆ ಬಂದಳು. ಚನ್ನವ್ವ. ಗೌಡರ ಓಣಿ. ಕೈ ಒಂದು. ಕೇಳುವ ರೊಟ್ಟಿ ಅರವತ್ತು. ಪಕ್ಕದಲ್ಲಿ ಸೊನ್ನೆ.

ಮನೆ ಅತ್ತೆಯ ಹೆಸರಿನಲ್ಲಿತ್ತು, ಕೈ ಮಾತ್ರ ತನ್ನದು. ಆ ಸೊನ್ನೆ ತನ್ನ ಕೈಗೇ. ಆಗ ಆ ಸಾಲಿನ ಅರ್ಥ ಆಕೆಗೆ ಒಮ್ಮೆಗೇ ತಿಳಿಯಿತು, ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ: ಯಾವ ಕೈಯ ರೊಟ್ಟಿಯನ್ನು ಎಷ್ಟು ನಂಬಬಹುದು ಅನ್ನುವ ಮಾರ್ಕು ಅದು. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ತಿರುಗಿ ನೋಡಿದಳು, ಬಾಗಿಲಲ್ಲಿ ಊರು ನಿಂತು ನೋಡುತ್ತಿದೆಯೇನೋ ಅಂತ. ಮೂರು ವರ್ಷ, ಸಾಲಿ ಬಿಟ್ಟು ಬಂದು, ಸೀರೆ ಸಹ ಬದಲಿಸದೆ, ಒಲೆ ಮುಂದೆ ಕೂತು ಅರವತ್ತು ರೊಟ್ಟಿ. ಬಿಳಿ ಬಟ್ಟೆಯಲ್ಲಿ ಕಟ್ಟಿ, ಗಂಟಿನ ಮೇಲೆ ಮನೆಯ ಚೀಟಿ ಸಿಗಿಸಿ, ತಾನೇ ಹೊತ್ತು ಮಠದ ಮೆಟ್ಟಿಲು ಹತ್ತಿದ್ದು. ಯಾರಾದರೂ ನೋಡಲಿ ಅಂತ ಸ್ವಲ್ಪ ನಿಧಾನವಾಗಿಯೇ ಹತ್ತಿದ್ದು. ಆ ನಿಧಾನ ಈಗ ನೆನಪಾಗಿ ಮೈ ಹಿಡಿಯಾಯಿತು. ಸಿಟ್ಟಿನಲ್ಲಿ ಸೊನ್ನೆಯ ಮೇಲೆ ಒಂದು ಅಂತ ಒತ್ತಿ ಎಂಟರ್ ಬಡಿದಳು. ಪರದೆ ಒಮ್ಮೆ ರೆಪ್ಪೆ ಬಡಿಯಿತು. ಇ ಸಾಲಿನಲ್ಲಿದ್ದ ಅರವತ್ತುಗಳೆಲ್ಲ ಮೇಲಿಂದ ಕೆಳಗಿನವರೆಗೆ ಐವತ್ತೈದಾಗಿ ಕೂತವು.

ಏನಾಯಿತೆಂದು ತಿಳಿಯಲು ಕಾಗದ ಪೆನ್ಸಿಲ್ ಬೇಕಾಯಿತು. ಸೊನ್ನೆ, ಅರ್ಧಗಳನ್ನೆಲ್ಲ ಕಳೆದು ಶ್ರೀಶೈಲಪ್ಪ ನಂಬಿದ್ದು ನೂರಾ ತೊಂಬತ್ತೆಂಟು ಕೈಗಳನ್ನು. ಬೇಕಾದ ಹತ್ತು ಸಾವಿರದ ಒಂಬೈನೂರ ಮೂವತ್ತು ರೊಟ್ಟಿಯನ್ನು ಅದರಿಂದ ಭಾಗಿಸಿದರೆ ಐವತ್ತೈದರ ಮೇಲೆ ಒಂದಿಷ್ಟು ಉಳಿಯುತ್ತಿತ್ತು, ಆ ಒಂದಿಷ್ಟಕ್ಕಾಗಿ ಎಲ್ಲರೂ ಅರವತ್ತಕ್ಕೆ ಏರಬೇಕಿತ್ತು. ಒಂದು ಕೈ ಹೆಚ್ಚಾಗಿ ನೂರಾ ತೊಂಬತ್ತೊಂಬತ್ತಾದರೆ ಐವತ್ತೈದಕ್ಕೆ ಸರಿಹೋಗುತ್ತದೆ. ತನ್ನೊಂದು ಕೈ ಲೆಕ್ಕಕ್ಕೆ ಬಂದರೆ ಊರಿನ ಹೆಂಗಸರಿಗೆಲ್ಲ ಐದೈದು ರೊಟ್ಟಿ ಕಡಿಮೆ. ಆಹಾ, ಎಂಥಾ ಉಪಕಾರ ಅಂದುಕೊಂಡಳು ವಿದ್ಯಾವತಿ, ಬಗ್ಗಿ ಬಗ್ಗಿ ನಡು ನೋಯಿಸಿಕೊಳ್ಳುವ ತಾಯಂದಿರಿಗೆ ಒಂದು ಬೆರಳಿನಿಂದ ಬಿಡುಗಡೆ. ಹಾಗೆ ಅಂದುಕೊಳ್ಳುತ್ತಿದ್ದಂತೆ ಆಕೆಯೊಳಗಿನ ಟೀಚರು ಕನ್ನಡಕ ಸರಿಮಾಡಿಕೊಂಡು ಕೇಳಿದಳು: ಆ ಕೈಯ ರೊಟ್ಟಿ ಖರೇನೇ ಬರದಿದ್ದರೆ? ಆಗ ನಲವತ್ತು ರೊಟ್ಟಿ ಕಡಿಮೆ. ಇಪ್ಪತ್ತು ಮಂದಿ. ಒತ್ತಿದ ಒಂದನ್ನು ಹಾಗೇ ಬಿಟ್ಟು, ಕೋಣೆಗೆ ಚಿಲಕ ಹಾಕಿ, ರಸೂಲಸಾಬನ ಎಸ್‌ಟಿಡಿ ಬೂತಿಗೆ ಹೋಗಿ ಸಿಂದಗಿಗೆ ಫೋನು ಹಚ್ಚಿದಳು.

"ಹೇಳ್ರಿ ಅಕ್ಕಾರ," ಅಂದರು ಶ್ರೀಶೈಲಪ್ಪ. "ಪ್ರಿಂಟರ್ ಕೈ ಕೊಟ್ಟಿತೇನು?"

"ಇಲ್ರಿ. ಎಫ್ ಕಾಲಂ ಅಂದ್ರೇನ್ರಿ?"

ಆ ಕಡೆ ಕುಕ್ಕರ್ ಎರಡು ಸೀಟಿ ಹೊಡೆಯಿತು. "ಬಿಚ್ಚೀರೇನು ಅದನ್ನ," ಅಂದರು ಕೊನೆಗೆ, ಬೈಯುವ ದನಿಯಲ್ಲಲ್ಲ, ಸ್ವಲ್ಪ ಖುಷಿಯಲ್ಲೇ. "ಮೂರು ವರ್ಷದಾಗ ಯಾರೂ ಅದನ್ನ ನೋಡಿದ್ದಿಲ್ರಿ. ಹ್ಯಾಂಗ ಗೊತ್ತಾತು?"

"ಕೂಡಿಸಿ ನೋಡಿದೆ."

"ಅದಕ್ಕಽ ನಿಮ್ಮ ಕೈಯಾಗ ಕೊಟ್ಟದ್ದು ನೋಡ್ರಿ." ಮುದುಕ ಉತ್ಸಾಹದಿಂದ ಶುರುಮಾಡಿದರು. "ಎರಡು ಸಾವಿರದ ಒಂದನೇ ಇಸವಿಯಾಗ ಕಾಗದದ ಮ್ಯಾಲೆ ಲೆಕ್ಕ ಬರೋಬರಿ ಇತ್ರಿ. ಒಂದು ರೊಟ್ಟಿ ಕಡಿಮಿ ಇರಲಿಲ್ಲ. ಮಂಗಲದ ದಿನಾ ಗಂಟು ಬಿಚ್ಚಿದ್ರ ಕೆಲವು ಬೂಸು ಹಿಡಿದಿದ್ದೂ, ಕೆಲವು ಚರ್ಮ ಆಗಿದ್ದೂ. ಹೊರ್ತಿಯಿಂದ ನಡಕೋತ ಬಂದ ಮಂದಿ ಕಡೀ ಪಂಕ್ತ್ಯಾಗ ಬರೇ ಅನ್ನ ಉಂಡು ಎದ್ದರು. ನನಗ ಮಾರಿ ಎತ್ತಾಕ ಆಗಲಿಲ್ಲ. ಕೇಳೂ ರೊಟ್ಟಿ ಬ್ಯಾರೆ, ಎಂಟು ದಿನ ತಡಿಯೂ ರೊಟ್ಟಿ ಬ್ಯಾರೆ ಅಂತ ಅವತ್ತು ತಿಳೀತು. ಎಫ್ ಹಾಕಿದೆ."

"ಯಾರ ರೊಟ್ಟಿ ತಡೀತಾವ, ಯಾರವು ತಡಿಯೂದಿಲ್ಲ ಅಂತ ನಿಮಗ ಹ್ಯಾಂಗ ಗೊತ್ತರಿ? ನೀವೇನು ಗಂಡಸರು."

"ನನಗ ಎಲ್ಲಿ ಗೊತ್ತಿರತೈತ್ರಿ. ರೊಟ್ಟಿಕೋಣ್ಯಾಗ ಮೂವತ್ತು ವರ್ಷದಿಂದ ಗಂಟು ಇಳಿಸಿಕೊಳ್ಳಾವ್ರು ನಿಮ್ಮ ಅತ್ತಿಯವರಽ ಅಲ್ಲೇನ್ರಿ? ನಾ ಹೆಸರು ಓದಕೋತ ಹೋದೆ, ಅವರು ಅಂಕಿ ಹೇಳಕೋತ ಹೋದರು. ನಿಮ್ಮ ಮನಿ ಬಂದಾಗ ನಾನಽ ಒಂದು ಒತ್ತಾಕ ಹೋಗಿದ್ದೆ. 'ತಡಿ ಶ್ರೀಶೈಲಪ್ಪ, ಸೊನ್ನಿ ಹಾಕು' ಅಂದರು."

ಬೂತಿನ ಗಾಜಿನಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು. ವಿದ್ಯಾವತಿ ರಿಸೀವರನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದಳು. "ಸೊನ್ನಿ ಇದ್ದ ಮ್ಯಾಲೆ ಅರವತ್ತು ಯಾಕ ಕೇಳ್ತೀರಿ? ಸೊನ್ನಿನಽ ಕೇಳಬೇಕಿಲ್ಲೋ."

"ಹಂಗ ಹ್ಯಾಂಗಾಗತೈತ್ರಿ ಅಕ್ಕಾರ? ಓಣ್ಯಾಗ ಮನಿ ಐತಿ ಅಂದ ಮ್ಯಾಲೆ ಚೀಟಿ ಹೋಗಬೇಕು. ಚೀಟಿ ಬರದ ಮನಿಯವರು ಪಂಕ್ತ್ಯಾಗ ಹ್ಯಾಂಗ ಕುಂಡ್ರಬೇಕು? ಮತ್ತ ನಿಮ್ಮ ರೊಟ್ಟಿ ನಾವೇನು ಒಗದಿಲ್ಲ. ಮೆತ್ತಗಿರತಾವಲ್ಲ, ತಂದ ದಿನಾನಽ ಸಂಜಿಗೆ ಪುರಾಣ ಕೇಳಾಕ ಬಂದವರಿಗೆ ಹಂಚಿಬಿಡತಾರ. ಮುದುಕರು ಖುಷಿಲೆ ತಿಂತಾರ. ಮಂಗಲದ ಲೆಕ್ಕಕ್ಕ ಹಿಡಿಯೂದಿಲ್ಲ, ಅಷ್ಟಽ." ದನಿ ತಗ್ಗಿಸಿದರು. "ಆ ಕಾಲಂ ಮುಚ್ಚಿಬಿಡ್ರಿ ಮತ್ತ. ಯಾರ ಕಣ್ಣಿಗೂ ಬೀಳಬಾರದು."

ವಾಪಸು ನಡೆಯುವಾಗ ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು, ಆಕೆಗೆ ಅದರ ಪರಿವೆ ಇರಲಿಲ್ಲ. ತಂದ ದಿನವೇ ಹಂಚಿಬಿಡುತ್ತಾರೆ. ಚನ್ನವ್ವ ಏಳು ವರ್ಷದಿಂದ ಹಾಲಿನಲ್ಲಿ ಅದ್ದಿ ಅದ್ದಿ ರೊಟ್ಟಿ ತಿನ್ನುವುದು ನೆನಪಾಯಿತು. ಹಲ್ಲಿಗೆ ಆಗೋದಿಲ್ರಿ ಅಕ್ಕಾರ ಅನ್ನುತ್ತಿದ್ದಳು. ಕರುಳು ಚುರುಕ್ಕೆಂದು, ರಜೆ ಹಾಕಿ, ಅತ್ತೆಯನ್ನು ಬಿಜಾಪುರದ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದಳು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಈ ವಯಸ್ಸಿಗೆ ಮೂವತ್ತೊಂದು ಹಲ್ಲು, ಕಬ್ಬು ಸೀಳತಾರ ಇವರು ಅಂದಿದ್ದರು. ಚನ್ನವ್ವ ಬಸ್ಸಿನಲ್ಲಿ ಮಾರಿ ಕಿಟಕಿಗೆ ತಿರುವಿ, ಡಾಕ್ಟರಿಗೆ ಏನು ತಿಳೀತೈತ್ರಿ ಅಂತ ಗೊಣಗಿದ್ದಳು. ಹಲ್ಲು ಮುಚ್ಚಿಟ್ಟುಕೊಂಡು ಬದುಕಿದ ಹೆಂಗಸು. ಸಂಜೀವಕುಮಾರನೂ ಅಷ್ಟೇ, ಊಟಕ್ಕೆ ಕುಂತರೆ ನನಗ ಅನ್ನಾನಽ ಸೇರತೈತಿ ನೋಡು ಅನ್ನುತ್ತಿದ್ದ. ಜೋಳದ ಹೊಲ ಇರುವ ಮನೆಯ ಗಂಡಸಿಗೆ ಅನ್ನ ಹೇಗೆ ಸೇರುತ್ತದೆ ಅಂತ ತಾನು ಒಮ್ಮೆಯಾದರೂ ಯೋಚಿಸಲಿಲ್ಲವಲ್ಲ. ಮನೆಮಂದಿಯೆಲ್ಲ ಸೇರಿ ಅಷ್ಟು ಸಣ್ಣ ಸಂಗತಿಯನ್ನು ಅಷ್ಟು ಮುತುವರ್ಜಿಯಿಂದ ತನ್ನಿಂದ ಮುಚ್ಚಿಟ್ಟಿದ್ದರು. ಅಳು ಬರಬೇಕಿತ್ತು, ಬರಲೂ ಹೊರಟಿತ್ತು, ಆದರೆ ಕಬ್ಬು ಸೀಳುವ ಹಲ್ಲಿನ ಚನ್ನವ್ವ ಬಟ್ಟಲು ಹಾಲು ಮುಂದಿಟ್ಟುಕೊಂಡು ಕೂತದ್ದು ಕಣ್ಣಿಗೆ ಕಟ್ಟಿ, ಸಾಲಿಯ ಗೇಟಿನ ಬಳಿ ಒಬ್ಬಳೇ ನಿಂತು ನಕ್ಕಳು. ಹೋಗುತ್ತಿದ್ದ ಸೈಕಲ್ಲಿನವನು ತಿರುಗಿ ನೋಡಿದ.

ಆದರೂ ಒಂದು ಮಾತು ನಗುವಿನ ತಳದಲ್ಲಿ ಚುಚ್ಚುತ್ತಿತ್ತು. ಶ್ರೀಶೈಲಪ್ಪನ ಮುಂದೆ ಹೇಳಿದ್ದನ್ನು ತನ್ನ ಮುಂದೆ ಯಾಕೆ ಹೇಳಲಿಲ್ಲ? ಊರಿನ ಕ್ಲಾರ್ಕಿಗೆ ಕೊಡುವ ಖರೆಯನ್ನು ಮನೆಯ ಸೊಸೆಗೆ ಕೊಡಬಾರದೆ? ಆ ಮನೆಯಲ್ಲಿ ತಾನು ಯಾರು ಅನ್ನುವ ಪ್ರಶ್ನೆ ಏಳು ವರ್ಷ ಒಳಗೊಳಗೇ ಅಲೆದು ಈಗ ಅರವತ್ತೇಳನೇ ಸಾಲಿನಲ್ಲಿ ಬಂದು ಕೂತಿತ್ತು.

ಕೋಣೆಯ ಚಿಲಕ ತೆಗೆದು ಕ್ಷಣ ಆಗಿಲ್ಲ, ವಿಜಯಲಕ್ಷ್ಮಿ ಛತ್ರಿ ಮಡಚುತ್ತ ಒಳಗೆ ಬಂದಳು. ವಿದ್ಯಾವತಿ ಪರದೆಯ ಸ್ವಿಚ್ಚು ಆರಿಸಿದಳು, ಕೈ ತಾನಾಗಿ ಅಷ್ಟು ಚುರುಕಾದದ್ದು ಕಂಡು ತನಗೇ ಆಶ್ಚರ್ಯ. "ಚೀಟಿ ತಯಾರಾದೂ ಏನ್ರಿ? ನಮ್ಮ ಮನಿಗೆ ಎಷ್ಟು?" ಅಂದಳು ವಿಜಯಲಕ್ಷ್ಮಿ. ನಾಲಗೆಯ ತುದಿಗೆ ಏನೇನು ಬಂದಿತ್ತು. ಹಪ್ಪಳದ ಸೊಕ್ಕು ಇಳಿಸಲು ಒಂದೇ ಒಂದು ಅಂಕಿ ಸಾಕಿತ್ತು, ಎರಡಕ್ಷರದ ಮಾತು. ವಿದ್ಯಾವತಿ ಆ ಮಾರಿಯನ್ನು ನೋಡಿದಳು. ಬೆವರಿನಲ್ಲಿ ಕುಂಕುಮ ಸ್ವಲ್ಪ ಇಳಿದಿತ್ತು, ಕಣ್ಣಲ್ಲಿ ನಿಜವಾದ ಕಾತರ. ಈಕೆಯೂ ಗಂಟು ಹೊತ್ತು ಮೆಟ್ಟಿಲನ್ನು ನಿಧಾನ ಹತ್ತುವವಳೇ ಇರಬೇಕು. "ನಿಮ್ಮಲ್ಲಿ ಎರಡು ಕೈ ಅಲ್ಲೇನ್ರಿ, ನೂರಾ ಇಪ್ಪತ್ತು," ಅಂದಳು. ವಿಜಯಲಕ್ಷ್ಮಿ, "ಅಯ್ಯ, ಅದೇನು ದೊಡ್ಡದು, ನೂರಾ ಐವತ್ತು ತರ್ತೇನಿ ತಗೋರಿ," ಅಂತ ಛತ್ರಿ ಬಿಚ್ಚಿಕೊಂಡು ಹೊರಟುಹೋದಳು. ಸುಳ್ಳಾಡಿದ ಹಾಗೆ ಅನಿಸಲಿಲ್ಲ. ಅತ್ತೆಯ ಏಳು ವರ್ಷದ ಬಾಯಿ ಒಂದು ನಿಮಿಷ ತನ್ನ ಬಾಯಲ್ಲಿ ಬಂದು ಕೂತು ಎದ್ದುಹೋದಂತೆ ಅನಿಸಿತು.

ಪರದೆ ಹತ್ತಿಸಿದಾಗ ಒಂದು ಇನ್ನೂ ಅಲ್ಲೇ ಇತ್ತು, ಊರೆಲ್ಲ ಐವತ್ತೈದರಲ್ಲಿ ಹಗುರಾಗಿ ಕೂತಿತ್ತು. ನೂರಾ ಇಪ್ಪತ್ತು ಅಂತ ತಾನೇ ಈಗ ಬಾಯಿಬಿಟ್ಟು ಹೇಳಿದ್ದಳು, ನೂರಾ ಹತ್ತು ಅನ್ನಲಿಲ್ಲ. ಅಂದರೆ ಒಳಗೆ ಎಲ್ಲೋ ತೀರ್ಮಾನ ಆಗಿಹೋಗಿತ್ತು. ಇಪ್ಪತ್ತು ಮಂದಿ ಎಲೆ ಮುಂದೆ ಕೂತು ಬಾಗಿಲ ಕಡೆ ನೋಡುವುದನ್ನು ಕಲ್ಪಿಸಿಕೊಂಡಳು. ತನ್ನ ಹೆಸರಲ್ಲದ ಹೆಸರಿನ ಮುಂದೆ, ತನ್ನದೇ ಕೈಗೆ, ತನ್ನದೇ ಬೆರಳಿನಿಂದ ಸೊನ್ನೆ ಒತ್ತಿದಳು. ಅರವತ್ತುಗಳು ವಾಪಸು ಬಂದವು. ಎಫ್ ಸಾಲನ್ನು ಮುಚ್ಚಿ, ಪ್ರಿಂಟ್ ಕೊಟ್ಟಳು. ಪ್ರಿಂಟರು ಕಿರ್ರೋ ಅಂತ ಹಲ್ಲು ಕಡಿಯುತ್ತ ನೂರಾ ನಲವತ್ತು ಮನೆಗಳನ್ನು ಒಂದೊಂದಾಗಿ ಹೊರಗೆ ತಳ್ಳಿತು. ಮೂರೂ ಮುಕ್ಕಾಲಿಗೆ ಮಠದವರು ಬಂದು ಚೀಟಿ ಒಯ್ದರು.

ಮನೆಗೆ ಬಂದಾಗ ಚನ್ನವ್ವ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. "ಬರ್ರಿ ಅಕ್ಕಾರ, ದಣದೀರಿ," ಅಂದಳು ಎಂದಿನಂತೆ. ವಿದ್ಯಾವತಿ ಕೈಚೀಲ ಗೂಟಕ್ಕೆ ಹಾಕಿ, ಕಾಲು ತೊಳೆದು, ನೇರ ಅಡಿಗಿಮನೆಗೆ ಹೋದಳು. ಒಲೆ ಹೊತ್ತಿಸಿ, ನೀರಿಟ್ಟು, ಹಿಟ್ಟು ನಾದಿ, ಒಂದೇ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಬಿ.ಎಸ್ಸಿ. ರಿಸಲ್ಟಿನ ದಿನ ಸಹ ಇಷ್ಟು ಅಂಜಿರಲಿಲ್ಲ. ಬೆಂದ ರೊಟ್ಟಿಯನ್ನು ಹಾಲಿಲ್ಲದೆ, ಪಲ್ಯವಿಲ್ಲದೆ, ಬರೀ ತಾಟಿನಲ್ಲಿಟ್ಟು ತಂದು ಅತ್ತೆಯ ಮುಂದೆ ಇಟ್ಟಳು.

"ಇದೇನ್ರಿ ಹೊತ್ತಲ್ಲದ ಹೊತ್ತಿನಾಗ? ಛಲೋ ಆಗೇ—"

"ಅತ್ತೀ, ಇದಕ್ಕ ಎಷ್ಟು ಹಾಕ್ತೀರಿ?"

ಚನ್ನವ್ವನ ಕೈಯಿಂದ ಒಂದು ಶೇಂಗಾ ಜಾರಿ ಉರುಳಿಹೋಯಿತು. ಅದನ್ನು ಹುಡುಕುವ ನೆವದಲ್ಲಿ ಬಹಳ ಹೊತ್ತು ನೆಲ ನೋಡಿದಳು. "ಶ್ರೀಶೈಲಪ್ಪ ಬಾಯಿ ಬಿಟ್ಟನೇನು," ಅಂದಳು.

"ಅವರಲ್ರಿ. ಮೊದಲ ಕಂಪ್ಯೂಟರ ಬಿಟ್ಟಿತು."

ಮುದುಕಿ ಸೊಸೆಯ ಮಾರಿ ನೋಡಿದಳು. ಅಲ್ಲಿ ಅಳು ಇರುತ್ತದೆ ಅಂದುಕೊಂಡಿದ್ದಳು, ಇರಲಿಲ್ಲ. ತಾಟಿನಿಂದ ರೊಟ್ಟಿ ಎತ್ತಿ ಮುರಿಯಲು ನೋಡಿದಳು. ರೊಟ್ಟಿ ಮುರಿಯಲಿಲ್ಲ, ಮಡಚಿಕೊಂಡಿತು. ಬಿಟ್ಟರೆ ಮತ್ತೆ ಬಿಚ್ಚಿಕೊಂಡಿತು. ಒಂದು ತುಣುಕು ಹರಿದು ಬಾಯಿಗೆ ಹಾಕಿ, ಆ ಮೂವತ್ತೊಂದು ಹಲ್ಲಿನಿಂದ ಮುಚ್ಚುಮರೆಯಿಲ್ಲದೆ ಅಗಿದಳು.

"ಸೊನ್ನಿ," ಅಂದಳು.

ವಿದ್ಯಾವತಿ ಕಂಬಕ್ಕೆ ಒರಗಿ ಕುಸಿದು ಕೂತು ನಗತೊಡಗಿದಳು. ನಗು ಕಂಡು ಚನ್ನವ್ವನಿಗೆ ಏನಾಯಿತೋ, ಏಳು ವರ್ಷ ಬಿಗಿದ ಗಂಟು ಬಿಚ್ಚಿದ ಹಾಗೆ ಶುರುಹಚ್ಚಿದಳು: "ನಗ್ತಿ ಏನು? ಎಸರು ಕುದಿಯೂಕಿಂತ ಮೊದಲಽ ಹಿಟ್ಟ ಸುರೀತಿ. ನಾದೂದು ಅಂದ್ರ ಸವರೂದಂತ ತಿಳದಿ. ಹಂಚಿನ ಮ್ಯಾಲಿಂದ ತಗದಾಕ್ಷಣ ಒಂದರ ಮ್ಯಾಲೊಂದು ಹೇರತಿ, ಉಗಿ ಹ್ವಾದೀತು ಎಲ್ಲಿಗೆ? ಒಲಿಗೆ ಆನಿಸಿ ನಿಂದ್ರಸಬೇಕು, ಸಾಲಿಗೆ ಹೊತ್ತಾತು ಅಂತ ಓಡತಿ. ನಿಮ್ಮವ್ವ ಮುದ್ದೇಬಿಹಾಳದಾಗ ಏನು ಕಲಿಸಿದಳೋ ನಿನಗ." ಬೈಗುಳ ಒಂದರ ಹಿಂದೆ ಒಂದು ಬಂತು, ಚಹಾಕ್ಕೆ ಹಾಕಿದ ಸೋಡಾಪುಡಿಯೂ ಬಂತು. ವಿದ್ಯಾವತಿ ಒಂದನ್ನೂ ಕೆಳಗೆ ಬೀಳಗೊಡದೆ ಕೇಳಿಸಿಕೊಂಡಳು. ಈ ಮನೆಯಲ್ಲಿ ತನ್ನನ್ನು ಯಾರಾದರೂ ಬೈದದ್ದು ಇದೇ ಮೊದಲು. ಅಕ್ಕಾರ ಅನ್ನುವವಳು ಎದ್ದುಹೋಗಿದ್ದಳು, ಅತ್ತೆ ಬಂದು ಕೂತಿದ್ದಳು.

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ರಿ?"

ಚನ್ನವ್ವ ದನಿ ಇಳಿಸಿದಳು. "ಓದಿದಾಕಿ. ಸಾಲಿ ಬಿಟ್ಟು ದಣದು ಬಂದು ಒಲಿ ಮುಂದ ಕುಂಡ್ರತಿದ್ದಿ, ನನ್ನ ಕೈ ನಡೀಲಿಲ್ಲ ಅಂತ. ನಿನಗ ಹ್ಯಾಂಗ ಅನಬೇಕು? ಅಲ್ಲಿ ಸುಳ್ಳು ಹೇಳಿದ್ರ ಮಂದಿ ಉಪಾಸ ಏಳತಿದ್ರು. ಇಲ್ಲಿ ಖರೆ ಹೇಳಾಕ ನನಗ ಬಾಯಿ ಬರಲಿಲ್ಲ." ಆಮೇಲೆ ಮೊಣಕಾಲು ಹಿಡಿದು ಎದ್ದಳು. "ಏಳು. ಎಸರಿಡು."

ಇಬ್ಬರೂ ಒಲೆ ಮುಂದೆ ಕೂತರು. ಚನ್ನವ್ವ ಬಲಗೈ ನಡೆಯದೆ ಎಡಗೈಯಿಂದ ಸೊಸೆಯ ಬೆರಳುಗಳನ್ನು ಹಿಡಿದು ಹಿಟ್ಟಿನೊಳಗೆ ಒತ್ತಿದಳು, ಇನ್ನಷ್ಟು, ಇನ್ನಷ್ಟು, ಅಂತ. ನೀರು ಸಳಮಳ ಕುದಿದಿತ್ತು, ಬೆರಳು ಸುಟ್ಟರೂ ಬಿಡಲಿಲ್ಲ. ಈ ಸಲದ ರೊಟ್ಟಿ ಹಂಚಿಗಿಂತ ಅಗಲವಾಗಿ, ಅಂಚಿನಲ್ಲಿ ಒಂದೆಡೆ ಹರಿದು, ಅಂತೂ ಬೆಂದಿತು. ಒಲೆಯ ಕಲ್ಲಿಗೆ ಆನಿಸಿ ನಿಲ್ಲಿಸಿದರು. ಕಾದರು. ವಿದ್ಯಾವತಿ ಎರಡು ಸಲ ಕೈ ಚಾಚಿದಳು, ಎರಡು ಸಲವೂ ಚನ್ನವ್ವ ಆ ಕೈ ಮೇಲೆ ಹೊಡೆದಳು. ಕೊನೆಗೆ ತಾನೇ ಎತ್ತಿಕೊಂಡು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು, ತುದಿ ಮುರಿದಳು. ಚಟ್ ಅಂತು, ನಡುವೆ ಮಾತ್ರ ಇನ್ನೂ ಮೆತ್ತಗಿತ್ತು.

"ಅರ್ಧಕ್ಕ ಇನ್ನಾ ದೂರ ಐತಿ," ಅಂದಳು ಚನ್ನವ್ವ. "ಕಾಲು ಹಾಕು."

ಅರವತ್ತರಲ್ಲಿ ಕಾಲು ಅಂದರೆ ಹದಿನೈದು. ವಿದ್ಯಾವತಿ ಸುಟ್ಟ ಬೆರಳನ್ನು ಒಮ್ಮೆ ಊದಿಕೊಂಡು, ಇನ್ನೊಂದು ಮುಟಿಗೆ ಹಿಟ್ಟು ತೆಗೆದುಕೊಂಡಳು.